ಗವಿರಂಗ ಹಂಡೆ ಬದಲಾಯಿಸಿದ್ದು

ಬಚ್ಚಲಮನೆಯ ಹಂಡೆ ತೂತಾಗಿದೆಯೋ ಇಲ್ಲವೋ ಅಂತ ಕಂಡುಕೊಳ್ಳುವುದಕ್ಕೆ ಒಂದು ಮನೆಗೆ ಎಷ್ಟು ದಿನ ಹಿಡಿದೀತು, ಹೇಳಿ ನೋಡೋಣ. ಅರ್ಧ ದಿನ ಅನ್ನುತ್ತೀರಾ? ಒಲೆಯ ಬೂದಿ ಮುಟ್ಟಿ ನೋಡಿದರೆ ಸಾಕು, ಅರೆಗಳಿಗೆಯ ಕೆಲಸ ಅನ್ನುತ್ತೀರಾ? ನಿಮ್ಮ ಮನೆಯಲ್ಲಿ ಹಾಗಿರಬಹುದು. ಬೆಂಚೀಕೆರೆಯ ತಿರುಮಲಮ್ಮನ ಮನೆಯಲ್ಲಿ ಹಂಡೆ ಸೋರುತ್ತಿದೆ ಅಂತ ಅನುಮಾನ ಹುಟ್ಟಿ, ಅದು ಖಾತ್ರಿಯಾಗಿ, ಹೊಸದು ಬಂದು ಒಲೆಯ ಮೇಲೆ ಕೂರುವುದಕ್ಕೆ ಹದಿನಾರು ದಿನ ಬೇಕಾಯಿತು. ಆ ಹದಿನಾರು ದಿನದಲ್ಲಿ ಏನೇನಾಯಿತು, ಊಹಿಸಿ. ಬೇಡ ಬಿಡಿ, ನಿಮಗೆ ಆಗುವುದಿಲ್ಲ. ಗವಿರಂಗನನ್ನು ಹೆತ್ತ ತಾಯಿ ತಿರುಮಲಮ್ಮನಿಗೇ ಊಹಿಸಲು ಆಗಲಿಲ್ಲ, ಆಕೆಗೆ ಅಭ್ಯಾಸವೂ ಇತ್ತು.

ತಿರುಮಲಮ್ಮನಿಗೆ ಐವತ್ತೆಂಟು ವರ್ಷ. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಬ್ಬರು. ದೊಡ್ಡವನು ಗವಿರಂಗ, ಮೂವತ್ತನಾಲ್ಕು ತುಂಬಿದವನು. ಆಳು ಗಟ್ಟಿಮುಟ್ಟು. ಬೀಡಿಯಿಲ್ಲ, ಇಸ್ಪೀಟಿಲ್ಲ, ತಾಯಿಗೆ ಒಂದು ದಿನವೂ ಎದುರಾಡಿದವನಲ್ಲ. ಕೆಲಸ ಅಂದರೆ ಕಾಲಿಗೆ ಚಪ್ಪಲಿ ಹಾಕಿಕೊಳ್ಳುವುದಕ್ಕೂ ನಿಲ್ಲದೆ ಓಡುತ್ತಾನೆ. ಅವನಲ್ಲಿದ್ದದ್ದು ಒಂದೇ ದೋಷ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಇದೂ ಒಂದು ದೋಷವೇ ಅನ್ನುವವರು ಅವನನ್ನು ಒಂದು ವಾರ ಮನೆಯಲ್ಲಿ ಇಟ್ಟುಕೊಂಡು ನೋಡಬೇಕಿತ್ತು.

ಎರಡನೆಯವಳು ವರಲಕ್ಷ್ಮಿ. ಮದುವೆಯಾದ ಆರು ವರ್ಷಕ್ಕೆ ಹೆಣ್ಣು ಕೂಸು ಹೆತ್ತು ತವರಿಗೆ ಬಾಣಂತನಕ್ಕೆ ಬಂದಿದ್ದಳು. ಐದು ತಿಂಗಳು ಮಗಳು ಮೊಮ್ಮಗಳು ಮನೆಯಲ್ಲಿರುತ್ತಾರೆ ಅನ್ನುವ ಒಂದು ಸಂಗತಿಯನ್ನು ಹಿಡಿದುಕೊಂಡು ತಿರುಮಲಮ್ಮ ಆರು ವರ್ಷ ಕಾದಿದ್ದಳು. ಆದರೆ ವರಲಕ್ಷ್ಮಿಯ ಅತ್ತೆ ಗಂಗಹನುಮಕ್ಕ ಸುಮ್ಮನೆ ಕಳಿಸಿಕೊಟ್ಟವರಲ್ಲ. ಒಂದು ಷರತ್ತು ಹಾಕಿದ್ದರು. "ನೋಡಿ ಬೀಗಿತ್ತಮ್ಮ, ಬಾಣಂತನ ಅಂದ್ರೆ ನೀರು. ದಿನಾ ಬೆಳಗ್ಗೆ ಬೆನ್ನು ಕೆಂಪಾಗೋ ಹಾಗೆ ಎರಡು ಹಂಡೆ ಬಿಸಿನೀರು ಬೀಳಬೇಕು. ಹದಿನೈದು ದಿನ ಬಿಟ್ಟು ಗುರುವಾರ ಬಂದು ನೋಡ್ತೀನಿ. ನೀರು ಸರಿಯಿಲ್ಲ ಅಂದ್ರೆ ತಾಯಿ ಮಗೂನ ಕರ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬಾರದು."

ಅವರು ಅಷ್ಟು ಹೇಳಿ ಹೋದ ಮಾರನೆಯ ಬೆಳಗ್ಗೆಯೇ ಹಂಡೆಯ ಒಲೆ ಚುಯ್ ಅಂದಿತು.

ತಿರುಮಲಮ್ಮ ಬಗ್ಗಿ ನೋಡಿದಳು. ಬೂದಿ ಒದ್ದೆ. ತೆಂಗಿನ ಮಟ್ಟೆ ಹೊಗೆ ಕಾರುತ್ತಿದೆ. ತಾಮ್ರದ ಹಂಡೆ, ಅವಳ ಮದುವೆಯಲ್ಲಿ ಬಂದದ್ದು, ಇನ್ನೂ ಹೊಸದಾಗಿ ಇರುವುದಾದರೂ ಹೇಗೆ? ತೇಪೆ ಹಾಕಿಸಿದರೆ ಸಾಕೋ ಬದಲಾಯಿಸಲೇಬೇಕೋ ಅಂತ ಹೇಳಬಲ್ಲವರು ಊರಿನಲ್ಲಿ ಒಬ್ಬರೇ, ಪಾತ್ರೆ ಅಂಗಡಿಯ ಬುಡೇನ್ ಸಾಬರು. ಬಾಣಂತಿಯನ್ನೂ ಕೂಸನ್ನೂ ಬಿಟ್ಟು ತಿರುಮಲಮ್ಮ ಹೊಸ್ತಿಲು ದಾಟುವ ಹಾಗಿಲ್ಲ. ಗ್ಯಾಸಿನ ಮೇಲೆ ತಪ್ಪಲೆ ತಪ್ಪಲೆಯಾಗಿ ನೀರು ಕಾಯಿಸಿದರೆ ಬಾಣಂತಿಯ ಬಲಗಾಲು ತೊಳೆಯುವಷ್ಟರಲ್ಲಿ ಎಡಗಾಲಿನ ನೀರು ಆರಿರುತ್ತದೆ.

"ಗವಿರಂಗ, ಸಾಬರ ಅಂಗಡಿಗೆ ಹೋಗು. ಹಂಡೆ ಸೋರ್ತಾ ಇದೆ, ಬದಲಾಯಿಸಬೇಕಾ, ತೇಪೆ ಸಾಕಾ ಅಂತ ಕೇಳಿ ಬಾ."

"ಆಗಲವ್ವ."

ಹೋದ. ಹತ್ತು ನಿಮಿಷಕ್ಕೆ ಬಂದ.

"ಕೇಳಿದೆಯಾ?"

"ಕೇಳಿದೆ."

"ಏನಂದ್ರು?"

"ಗೊತ್ತಿಲ್ಲ. ಕೇಳಿ ಬಾ ಅಂದೆಯಲ್ಲ. ಕೇಳಿದೆ, ಬಂದೆ. ಅವರು ಬಾಯಿ ತೆರೆಯೋ ಹೊತ್ತಿಗೆ ನಾನು ಪೋಸ್ಟಾಫೀಸು ದಾಟಿದ್ದೆ."

ತಿರುಮಲಮ್ಮ ಬಚ್ಚಲಿನ ಕಲ್ಲಿನ ಮೇಲೆ ಕೂತಳು. ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಮುಂದಿನ ಹದಿನಾರು ದಿನ ಅವಳು ಆ ಕಲ್ಲಿನ ಮೇಲೆ ಕೂತಷ್ಟು ಮಂಚದ ಮೇಲೆ ಮಲಗಲಿಲ್ಲ.

"ಅಯ್ಯೋ ನನ್ನ ಹಣೆಬರಹವೇ. ಮಾತಾಡೋರು ಮಾತು ಮುಗಿಸಿ ಬಾಯಿ ಮುಚ್ಚೋವರೆಗೂ ಅವರನ್ನ ಬಿಟ್ಟು ಬರಬಾರದು ಕಣಪ್ಪ. ಕೊನೇತನಕ ಜೊತೆಗೇ ಇದ್ದು ಕೇಳಿಸ್ಕೋಬೇಕು. ತಿಳೀತಾ?"

"ತಿಳೀತವ್ವ."

ಮಾರನೆಯ ದಿನ ಬೆಳಗ್ಗೆ ಏಳಕ್ಕೆ ಮತ್ತೆ ಹೊರಟ. ಎಂಟಾಯಿತು, ಹತ್ತಾಯಿತು, ಮಧ್ಯಾಹ್ನವಾಯಿತು, ಮಗ ಇಲ್ಲ. ಸಂಜೆ ನಾಲ್ಕಕ್ಕೆ ಕಾಲೆಳೆದುಕೊಂಡು ಬಂದ. ಮೈಯೆಲ್ಲ ಧೂಳು, ಅಂಗಿಗೆ ಬಾಳೆಹಣ್ಣಿನ ಸಿಪ್ಪೆ ಅಂಟಿತ್ತು.

"ಸಾಬರು ಇಷ್ಟು ಹೊತ್ತು ಮಾತಾಡಿದ್ರಾ?"

"ಸಾಬರ ಹತ್ರ ಹೋಗೋಕೇ ಆಗಲಿಲ್ಲ ಕಣವ್ವ. ನಮ್ಮ ಬೀದಿ ತಿರುವಲ್ಲಿ ಕಸದ ಆಟೋ ಸಿಕ್ತು. ಮೈಕಲ್ಲಿ ಒಂದು ಹೆಂಗಸು ಮಾತಾಡ್ತಿದ್ಲು. ಹಸಿ ಕಸ ಬೇರೆ ಮಾಡಿ, ಒಣ ಕಸ ಬೇರೆ ಮಾಡಿ, ಊರು ಸ್ವಚ್ಛವಾಗಿಡಿ ಅಂತ. ಮುಗಿಸಲಿ ಅಂತ ಜೊತೆಗೇ ನಡೆದೆ. ಮುಗಿಸಿದ್ಲು ಅನ್ನೋ ಹೊತ್ತಿಗೆ ಮೊದಲಿಂದ ಶುರು ಮಾಡ್ತಾಳೆ. ಹದಿನಾಲ್ಕು ಬೀದಿ ಸುತ್ತಿದೆ. ಕೊನೆಗೆ ಊರಾಚೆ ಕಸದ ಗುಂಡಿ ಹತ್ರ ಡ್ರೈವರು ಮೈಕು ಆರಿಸಿದ. ಆಗ ಬಂದೆ. ಆ ಹೆಂಗಸಿಗೆ ದಣಿವೇ ಇಲ್ಲ."

ಒಳಗೆ ಮಲಗಿದ್ದ ವರಲಕ್ಷ್ಮಿ ಕಂಬಳಿ ಬಾಯಿಗೆ ತುರುಕಿಕೊಂಡು ನಕ್ಕಳು. ತಿರುಮಲಮ್ಮನಿಗೆ ನಗು ಬರಲಿಲ್ಲ. ಕಲ್ಲಿನ ಮೇಲೆ ಕೂತಳು.

"ಒಂದು ಮಾತನ್ನ ಎಷ್ಟು ಸಲ ಕೇಳ್ತೀಯೋ? ಮಾತು ಒಂದು ಸಲ ಕಿವಿಗೆ ಬಿತ್ತು ಅಂದ್ರೆ ಆಯ್ತು. ಬಿದ್ದ ತಕ್ಷಣ ತಿರುಗಿ ಮನೆಗೆ ಬರಬೇಕು. ತಿಳೀತಾ?"

"ತಿಳೀತವ್ವ."

ಮೂರನೆಯ ದಿನ ಸಾಬರ ಅಂಗಡಿಗೇ ಹೋದ. ಸಾಬರು ಹಿತ್ತಾಳೆ ಕೊಳಗವೊಂದಕ್ಕೆ ಕಲಾಯಿ ಹಾಕುತ್ತಾ ಕೂತಿದ್ದರು. ಹಂಡೆಯ ಸಂಗತಿ ಕೇಳಿ, ಕೈಯ ಕೆಲಸ ಬಿಡದೆ ಹೇಳಿದರು. "ಬೆಳಗಿನ ಸ್ನಾನ ಮುಗಿದ ಮೇಲೆ ಹಂಡೆ ಕಂಠದವರೆಗೂ ತುಂಬಿಸಿ. ಆಮೇಲೆ ಯಾರೂ ಅದನ್ನ ಮುಟ್ಟಬಾರದು." ಇಷ್ಟು ಹೇಳಿ, ಮುಂದಿನ ಮಾತಿಗೆ ತಲೆಯೆತ್ತಿದರೆ ಎದುರಿಗೆ ಮನುಷ್ಯನಿಲ್ಲ.

ಗವಿರಂಗ ಮನೆಗೆ ಬಂದು ಹದಿನೆಂಟು ಕೊಡ ನೀರು ಸೇದಿ ಹಂಡೆ ತುಂಬಿಸಿದ. ಆಮೇಲೆ ಬಚ್ಚಲ ಬಾಗಿಲಲ್ಲಿ ಅಡ್ಡ ಕೂತ. ಸಂಜೆ ಕೂಸು ಬಟ್ಟೆ ಹಾಳುಮಾಡಿಕೊಂಡಿತು, ತೊಳೆಯುವುದಕ್ಕೆ ಒಂದು ಚೊಂಬು ನೀರು ಕೊಡಲಿಲ್ಲ. ಮಾರನೆಯ ಬೆಳಗ್ಗೆ ಬಾಣಂತಿಯನ್ನು ಒಳಗೆ ಬಿಡಲಿಲ್ಲ.

"ಅಣ್ಣ, ತಲೆಗೆ ಎಣ್ಣೆ ಹಚ್ಕೊಂಡಿದೀನಿ ಕಣೋ. ಬಿಡೋ ದಾರಿ."

"ಯಾರೂ ಮುಟ್ಟಬಾರದು ಅಂದಿದ್ದಾರೆ ವರ."

"ಎಲ್ಲಿವರೆಗೂ?"

"ಅದು ಹೇಳಲಿಲ್ಲ."

ಬುಡೇನ್ ಸಾಬರಿಗೆ ಅಷ್ಟರಲ್ಲಿ ಅನುಮಾನ ಬಂದಿತ್ತು. ಮೊಪೆಡ್ಡಿನಲ್ಲಿ ಆ ಕಡೆ ಹೋಗುವಾಗ ಮನೆ ಮುಂದೆ ನಿಲ್ಲಿಸಿ ಕಿಟಕಿಯ ಹತ್ತಿರ ಬಂದು ಉಳಿದ ಅರ್ಧವನ್ನು ಹೇಳಿದರು. "ತಾಯಿ, ನೀರಿನ ಮಟ್ಟಕ್ಕೆ ಒಳಗಡೆ ಒಂದು ಸುಣ್ಣದ ಗೆರೆ ಎಳೀರಿ. ಸಂಜೆ ನೋಡಿ. ನೀರು ಗೆರೆಯಿಂದ ಒಂದು ಬೆರಳು ಇಳಿದಿದ್ರೆ ತೇಪೆ ಸಾಕು. ನಾಲ್ಕು ಬೆರಳು ಇಳಿದಿದ್ರೆ ತಳ ಸವೆದಿದೆ ಅಂತಲೇ ಲೆಕ್ಕ, ತೇಪೆ ನಿಲ್ಲಲ್ಲ, ಬದಲಾಯಿಸಲೇಬೇಕು. ಒಂದು ದಿನ ಸಾಲದು, ಒಂದು ವಾರ ನೋಡಿ."

ತಿರುಮಲಮ್ಮ ಮಗನನ್ನು ಕರೆದಳು. ಈ ಸಲ ನಿಧಾನವಾಗಿ, ಕೂಸಿಗೆ ಗುಟುಕು ಕೊಟ್ಟ ಹಾಗೆ ಹೇಳಿದಳು. "ನೀರು ಮುಟ್ಟಬಾರದು ಅನ್ನೋದನ್ನ ಮರೆತುಬಿಡು. ಗೆರೆ ನೋಡ್ಕೊಳ್ಳೋದು ನಿನ್ನ ಕೆಲಸ. ನೀರು ಎಲ್ಲಿದೆಯೋ ಗೆರೆ ಅಲ್ಲಿರಬೇಕು. ತಿಳೀತಾ?"

"ತಿಳೀತವ್ವ."

ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ಐದನೆಯ ಮಾತಿನಲ್ಲಿ ಬಿಡಿಸಿ ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿದು ನಾವು ನೀವು ಎದ್ದು ಕಾಫಿ ಕುಡಿಯಬಹುದಿತ್ತು. ತಿರುಮಲಮ್ಮನಿಗೆ ಆ ಬೆಳಗ್ಗೆ ಐದನೆಯ ಮಾತಿಗೆ ಉಸಿರಿರಲಿಲ್ಲ.

ಅವತ್ತು ಸಂಜೆ ಹೋಗಿ ಹಂಡೆಯೊಳಗೆ ಇಣುಕಿದಳು. ನೀರು ಸರಿಯಾಗಿ ಗೆರೆಯ ಮೇಲಿದೆ. ಮಾರನೆಯ ದಿನ ನೋಡಿದಳು. ಗೆರೆಯ ಮೇಲಿದೆ. ಅದರ ಮಾರನೆಯ ದಿನವೂ ಗೆರೆಯ ಮೇಲಿದೆ. ಅಬ್ಬ, ಹಂಡೆ ಗಟ್ಟಿ ಅಂತ ತಿರುಮಲಮ್ಮನಿಗೆ ಎದೆ ಹಗುರಾಯಿತು. ಹಾಗಾದರೆ ಬೂದಿ ಯಾಕೆ ಒದ್ದೆ, ಉರಿ ಯಾಕೆ ಹತ್ತುತ್ತಿಲ್ಲ? ಮಟ್ಟೆ ಹಸಿಯಿರಬೇಕು. ಮಟ್ಟೆ ತಂದು ಹಾಕುವ ಮುದುಕನನ್ನು ಕರೆದು ಬೈದಳು. ಆತ ಮೂವತ್ತು ವರ್ಷದಿಂದ ಆ ಮನೆಗೆ ಮಟ್ಟೆ ಹಾಕಿದವನು. ಒಣಗಿದ್ದನ್ನೇ ಆರಿಸಿ ಮತ್ತೆ ತಂದು ಹಾಕಿದ. ಅದೂ ಹೊಗೆಯಿತು. ಮತ್ತೆ ಬೈಸಿಕೊಂಡ. ಬಾಣಂತಿಗೆ ಬೀಳುತ್ತಿದ್ದ ನೀರು ಬೆಚ್ಚಗಿನದು, ಬಿಸಿಯದಲ್ಲ. ಕೂಸಿಗೆ ಮೂಗು ಕಟ್ಟಿತು. "ಗುರುವಾರಕ್ಕೆ ಇನ್ನೆಷ್ಟು ದಿನ ಅವ್ವ?" ಅಂತ ವರಲಕ್ಷ್ಮಿ ದಿನಾ ಕೇಳಲು ಶುರುಮಾಡಿದಳು. "ಐದು ತಿಂಗಳೂ ಇಲ್ಲೇ ಇರ್ತೀಯ, ಸುಮ್ಮನೆ ಮಲಕ್ಕೊ" ಅಂತ ತಾಯಿ ದಿನಾ ಹೇಳಿದಳು. ಹೇಳಿ ಸಂಜೆ ಹೋಗಿ ಗೆರೆ ನೋಡಿದಳು. ನೀರು ಗೆರೆಯ ಮೇಲೆ.

ಗೆರೆ ಎಳೆದು ಎಂಟು ದಿನವಾದ ಮಧ್ಯಾಹ್ನ ಬಟ್ಟೆ ಒಣಹಾಕಲು ಹಿತ್ತಲಿಗೆ ಹೊರಟವಳು ಬಚ್ಚಲೊಳಗೆ ಕಣ್ಣು ಹಾಯಿಸಿದಳು. ಗವಿರಂಗ ಹಂಡೆಯ ಮೇಲೆ ಬಗ್ಗಿದ್ದಾನೆ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಒಂದು ಕೈಯಲ್ಲಿ ಅವಳ ಎಲೆಯಡಿಕೆಯ ಸುಣ್ಣದ ಡಬ್ಬಿ. ಇದ್ದ ಗೆರೆಯನ್ನು ಶ್ರದ್ಧೆಯಿಂದ ಒರೆಸಿ, ಒಂದು ಗೇಣು ಕೆಳಗೆ, ನೀರಿನ ಅಂಚಿಗೆ ಸರಿಯಾಗಿ ಇನ್ನೊಂದು ಎಳೆಯುತ್ತಿದ್ದಾನೆ.

"ಏನೋ ಮಾಡ್ತಾ ಇದೀಯ?"

"ಗೆರೆ ನೋಡ್ಕೊಳ್ತಾ ಇದೀನವ್ವ. ಈ ನೀರು ಒಂದು ಕಡೆ ನಿಲ್ಲೋದಿಲ್ಲ, ಇಳೀತಾನೇ ಇರುತ್ತೆ. ಗಂಟೆಗೊಂದು ಸಲ ಬಂದು ಗೆರೆ ಇಳಿಸ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ."

ತಿರುಮಲಮ್ಮ ಕಲ್ಲಿನ ಮೇಲೆ ಕೂತಳು. ಎಂಟು ದಿನ. ಮಟ್ಟೆಯ ಮುದುಕನಿಗೆ ಎರಡು ಸಲ ಬೈಗುಳ. ಗುರುವಾರಕ್ಕೆ ಇನ್ನು ಮೂರೇ ದಿನ. ಬೈಯುವುದಕ್ಕೆ ಬಾಯಿ ತೆರೆದಳು, ಆಕಳಿಕೆ ಬಂತು.

"ಸೋರೋದು ಕಣ್ಣಿಗೆ ಬಿದ್ರೆ ಗೆರೆ ಎಳೀತಾರೇನೋ? ಸೋಪು ಮೆತ್ತಬೇಕು ಕಣೋ, ಸೋಪು. ಹೊಸದು ತರೋವರೆಗೂ ತಡೆಯುತ್ತೆ. ಅಂಗಡಿಯಿಂದ ಎರಡು ಬಟ್ಟೆ ಸೋಪು ತಗೊಂಡು ಬಾ. ಎಲ್ಲಿ ತೊಟ್ಟಿಕ್ಕೋದು ಕಂಡ್ರೂ ಅಲ್ಲೇ ಮೆತ್ತಿಬಿಡು. ತಿಳೀತಾ?"

"ತಿಳೀತವ್ವ."

ಅಂಗಡಿಗೂ ಮನೆಗೂ ನಡುವೆ ಮೂಡ್ಲಯ್ಯನ ಸೇವಂತಿಗೆ ತೋಟ. ಮೂಡ್ಲಯ್ಯ ಹೋದ ವರ್ಷವಷ್ಟೇ ಹನಿ ನೀರಾವರಿ ಪೈಪು ಎಳೆಸಿದ್ದ. ಗಿಡಕ್ಕೊಂದು ತೂತು, ತೂತಿಗೊಂದು ಹನಿ, ನೋಡುವುದಕ್ಕೇ ಚೆಂದ. ಗವಿರಂಗನೂ ನಿಂತು ನೋಡಿದ.

ಅವತ್ತು ಸಂಜೆ ಬಾಗಿಲಿಗೆ ಬಂದವನು ಮೂಡ್ಲಯ್ಯ. "ತಿರುಮಲಕ್ಕ, ನಿನ್ನ ಮಗನಿಗೂ ನನಗೂ ಏನಾದ್ರೂ ದ್ವೇಷ ಇದೆಯಾ? ಇದ್ರೆ ಈಗಲೇ ಹೇಳಿಬಿಡು, ಪಂಚಾಯ್ತಿ ಮಾಡಿಸೋಣ. ನಾಲ್ಕು ಸಾಲು ಪೈಪಿಗೆ ಒಂದೊಂದೇ ತೂತು ಹುಡುಕಿ ಸೋಪು ಮೆತ್ತಿದಾನೆ. ಮೋಟಾರು ಹಾಕಿದ್ರೆ ಪೈಪಿನ ತುದಿ ಹಾರಿಹೋಯ್ತು. ಬುರುಗು ನೋಡಬೇಕು ನೀನು, ಸೇವಂತಿಗೆಗಿಂತ ಬೆಳ್ಳಗೆ."

ಹಿಂದೆಯೇ ನಿಂತಿದ್ದ ಗವಿರಂಗ ಸಂಕೋಚದಿಂದ ಹೇಳಿದ. "ನೂರಾ ಎಂಬತ್ತು ಮುಚ್ಚಿದೆ ಅವ್ವ. ಇನ್ನೂ ಇದ್ವು, ಸೋಪು ಮುಗೀತು."

"ನಮ್ಮ ಹಂಡೆಗೆ?"

"ಹಂಡೆಗೆ ಉಳೀಲಿಲ್ಲ."

ಮೂಡ್ಲಯ್ಯನಿಗೆ ಕೈಮುಗಿದು ಕಳಿಸಿ, ಎರಡು ದಿನ ಅವನ ತೋಟದಲ್ಲಿ ಕೂತು ಸೂಜಿಯಲ್ಲಿ ತೂತು ಬಿಡಿಸುವ ಕೆಲಸಕ್ಕೆ ಮಗನನ್ನು ಒಪ್ಪಿಸಿ, ತಿರುಮಲಮ್ಮ ಕಲ್ಲಿನ ಮೇಲೆ ಕೂತಳು. "ಪರರ ವಸ್ತು ಮುಟ್ಟೋ ಮುಂಚೆ ಇದು ಯಾರದು ಅಂತ ನೋಡಬೇಕಪ್ಪ. ಒಡೆಯರ ಹತ್ರ ಹೋಗಿ, ಮುಟ್ಟಲಾ ಅಂತ ಕೇಳಿ, ಅವರು ಹೂಂ ಅಂದ್ರೆ ಮುಟ್ಟಬೇಕು. ತಿಳೀತಾ?"

"ತಿಳೀತವ್ವ."

ಗುರುವಾರ ಬಂತು. ಕತ್ತಲಿರುವಾಗಲೇ ತಿರುಮಲಮ್ಮ ಎದ್ದಳು. ಬೀಗಿತ್ತಿ ಬರುವುದು ಹನ್ನೊಂದಕ್ಕೆ. ಅಷ್ಟರೊಳಗೆ ಹಳೆಯ ಹಂಡೆ ಬಿಚ್ಚಿ ಸಾಬರಿಗೆ ಕೊಟ್ಟು ಹೊಸದು ತಂದು ಕೂರಿಸಿದರೆ ಮಾನ ಉಳಿಯುತ್ತದೆ. ಮಗನನ್ನು ಎಬ್ಬಿಸಿ, "ಹಂಡೆ ಒಲೆಯಿಂದ ಬಿಚ್ಚಿ ಸಾಬರ ಹತ್ರ ತಗೊಂಡು ಹೋಗು, ಬೇಗ" ಅಂದು ತಾನು ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಲು ಒಳಗೆ ಹೋದಳು.

ಹೊರಗೆ ಬಂದು ನೋಡಿದರೆ ಹಂಡೆ ಒಲೆಯ ಮೇಲೆಯೇ ಇದೆ. ಮಗ ಇಲ್ಲ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುವುದು ನಿಮಗೆ ಗೊತ್ತಲ್ಲ, ತಿರುಮಲಮ್ಮನ ಹಂಡೆಯ ಕಂಠದಲ್ಲೂ ಒಂದು ಸಾಲು ಇತ್ತು: ಕಡೂರು ತಿಮ್ಮರಾಯಪ್ಪ. ಆಕೆಯ ಸೋದರಮಾವ. ಗವಿರಂಗ ಹಂಡೆಗೆ ಕೈ ಹಾಕುವ ಮುಂಚೆ ಇದು ಯಾರದು ಅಂತ ನೋಡಿದ. ಓದಿದ. ಆರೂಮುಕ್ಕಾಲರ ಬಸ್ಸು ಹತ್ತಿದ.

ಗಂಗಹನುಮಕ್ಕ ಹನ್ನೊಂದಕ್ಕೆ ಬಂದರು. ಪಡಸಾಲೆಯಲ್ಲಿ ಕೂತರು. ನೀರು ಕುಡಿದರು. ಕೂಸಿನ ಮೂಗು ನೋಡಿದರು. ಸೊಸೆಯ ಬೆನ್ನು ಮುಟ್ಟಿ ನೋಡಿದರು. ಎದ್ದು ಹೋಗಿ ಬಚ್ಚಲ ಒಲೆಗೆ ಕೈ ಹಾಕಿ, ಒದ್ದೆ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಎಷ್ಟು ದಿನದಿಂದ?"

"ಇವತ್ತು ಹೊಸದು ಬರುತ್ತೆ ಬೀಗಿತ್ತಮ್ಮ. ಮಗ ತರೋಕೆ ಹೋಗಿದಾನೆ."

"ಬರಲಿ. ಕೂತಿರ್ತೀನಿ."

ಕೂತರು. ಮಧ್ಯಾಹ್ನ ಊಟ ಮಾಡಿ ಕೂತರು. ಮೂರು ಗಂಟೆಯ ಕಾಫಿ ಕುಡಿದು ಕೂತರು. ಅವರು ಕೂತಷ್ಟೂ ತಿರುಮಲಮ್ಮ ನಿಂತಿದ್ದಳು. ದೀಪ ಹಚ್ಚುವ ಹೊತ್ತಿಗೆ ಗವಿರಂಗ ಬಂದ, ಬರಿಗೈಯಲ್ಲಿ, ಮುಖದಲ್ಲಿ ಗೆಲುವು.

"ಎಲ್ಲಿ ಹೋಗಿದ್ದೆಯೋ?"

"ಕಡೂರಿಗೆ ಅವ್ವ. ತಿಮ್ಮರಾಯಪ್ಪಜ್ಜ ತೀರ್ಕೊಂಡು ಇಪ್ಪತ್ತೆರಡು ವರ್ಷ ಆಯ್ತಂತೆ, ನೀನು ಹೇಳೇ ಇಲ್ಲ. ಮೊಮ್ಮಗನ್ನ ಹುಡುಕಿದೆ. ಗೊಬ್ಬರದ ಅಂಗಡಿ ಇಟ್ಟಿದಾನೆ. ಮೊದಲು ಅವನಿಗೆ ಅರ್ಥ ಆಗಲಿಲ್ಲ. ಸಾಯಂಕಾಲದವರೆಗೂ ಹೇಳಿದೆ. ಕೊನೆಗೆ ಬರೆದುಕೊಟ್ಟ." ಜೇಬಿನಿಂದ ಒಂದು ಕಾಗದ ತೆಗೆದ. "ಸದರಿ ಹಂಡೆಯನ್ನು ಬಿಚ್ಚಲು ನಮ್ಮ ಕುಟುಂಬದವರ ಯಾವುದೇ ತಕರಾರು ಇರುವುದಿಲ್ಲ." ಕೆಳಗೆ ರುಜು, ರುಜುವಿನ ಮೇಲೆ ಗೊಬ್ಬರದ ಅಂಗಡಿಯ ಮೊಹರು.

ಗಂಗಹನುಮಕ್ಕ ಕಾಗದ ಇಸಿದುಕೊಂಡು ಎರಡು ಸಲ ಓದಿದರು. ಸಂಜೆಯ ಮೇಲೆ ಹಸಿ ಬಾಣಂತಿಯನ್ನು ಹೊರಗೆ ಕರೆದೊಯ್ಯುವುದು ಹೇಗೆ ಅಂತ ಅಲ್ಲೇ ಉಳಿದುಕೊಂಡರು. "ನಾಳೆ ಬೆಳಗ್ಗೆ ನೋಡ್ತೀನಿ. ಅಷ್ಟೇ."

ತಿರುಮಲಮ್ಮ ಮಗನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಹಂಡೆಯ ಮೇಲೆ ಅವನ ಕೈ ಇರಿಸಿದಳು. ಇನ್ನು ಯಾವ ಮಾತಿಗೂ ಸಂದು ಉಳಿಯಬಾರದು ಅಂತ ಎಲ್ಲವನ್ನೂ ಹೇಳಿದಳು. "ಬೆಳಗ್ಗೆ ಎದ್ದು ಇದನ್ನ ಬಿಚ್ಚು. ಯಾರನ್ನೂ ಕೇಳಬೇಡ. ಆಟೋದಲ್ಲಿ ಹಾಕ್ಕೊಂಡು ಸಾಬರ ಹತ್ರ ಹೋಗು. ಇದನ್ನ ಕೊಟ್ಟು ಹೊಸದು ತಗೊಂಡು ಬಾ. ಇದು ಹೇಗಿದೆಯೋ ಹಾಗೇ ಇರಬೇಕು. ಇದೇ ಅಳತೆ, ಇದೇ ಬಾಯಿ, ಇದೇ ತಳ. ಒಲೆಗೆ ಸರಿಯಾಗಿ ಕೂರಬೇಕಲ್ಲ. ಕೂದಲಷ್ಟೂ ವ್ಯತ್ಯಾಸ ಇರಬಾರದು. ಪಕ್ಕದಲ್ಲಿ ಇಟ್ಕೊಂಡು ಹೋಲಿಸಿ ನೋಡು. ತಿಳೀತಾ?"

"ತಿಳೀತವ್ವ."

ಬೆಳಗ್ಗೆ ಒಂಬತ್ತಕ್ಕೆ ಆಟೋ ಬಂದು ನಿಂತಿತು. ಹಂಡೆ ಇಳಿಯಿತು. ಬೆಂಕಿಯ ಹಾಗೆ ಹೊಳೆಯುವ ಹೊಸ ತಾಮ್ರ. ತಿರುಮಲಮ್ಮನ ಕಣ್ಣು ತುಂಬಿಬಂದು ಸರಿಯಾಗಿ ಕಾಣಲೂ ಇಲ್ಲ. ಗವಿರಂಗ ಒಬ್ಬನೇ ಎತ್ತಿ ಒಲೆಯ ಮೇಲೆ ಕೂರಿಸಿದ. ಅಚ್ಚಿನಲ್ಲಿ ಕೂತ ಹಾಗೆ ಕೂತಿತು. ಸುತ್ತ ಮಣ್ಣು ಮೆತ್ತಿದರು. ಗಂಗಹನುಮಕ್ಕ ತಾವೇ ಸೊಸೆಯ ತಲೆಗೆ ಹರಳೆಣ್ಣೆ ಇಟ್ಟು ತಟ್ಟಿದರು. "ನೀರು ಬಿಡಪ್ಪ" ಅಂದರು. ಗವಿರಂಗ ಒಂದೊಂದೇ ಕೊಡ ಸೇದಿ ತಂದು ಹೊಯ್ದ. ಹಂಡೆ ಅರ್ಧ ತುಂಬುವುದನ್ನೂ ಕಾಯದೆ ತಿರುಮಲಮ್ಮ ಬೆಂಕಿ ಹಾಕಿದಳು. ಮಟ್ಟೆ ಧಗ್ ಅಂತ ಹತ್ತಿಕೊಂಡಿತು.

ಚುಯ್ ಅಂದಿತು.

ಬೆಂಕಿ ಆರಿತು. ಒಲೆಯ ಬಾಯಿಂದ ಬೂದಿಯ ನೀರು ಸಣ್ಣಗೆ ಹರಿದು ಗಂಗಹನುಮಕ್ಕನ ಹೆಬ್ಬೆರಳನ್ನು ಮುಟ್ಟಿತು.

"ಗವಿರಂಗ," ತಿರುಮಲಮ್ಮನ ದನಿ ಬಾವಿಯೊಳಗಿಂದ ಬಂದ ಹಾಗಿತ್ತು, "ಏನು ಮಾಡಿದೆಯಪ್ಪ?"

"ನೀನು ಹೇಳಿದ ಹಾಗೇ ಅವ್ವ. ಸಾಬರು ಏಳು ಹಂಡೆ ತೋರಿಸಿದ್ರು. ಏಳಕ್ಕೂ ನೀರು ಹೊಯ್ದು ನೋಡಿದೆ. ಒಂದೂ ಸೋರ್ತಿರಲಿಲ್ಲ. ಇದು ನಮ್ಮದರ ಹಾಗಿಲ್ಲ, ನಮ್ಮವ್ವ ಬೈತಾಳೆ ಅಂದೆ. ಸಾಬರು ನಕ್ಕರು, ಆಮೇಲೆ ಬೈದರು, ಆಮೇಲೆ ಒಳಗೆ ಹೋಗಿ ಕೂತುಬಿಟ್ರು. ಆಗ ನಾನೇ ಅವರ ಉಳಿ ಸುತ್ತಿಗೆ ತಗೊಂಡು, ಅಳತೆ ಹಿಡಿದು, ಅದೇ ಜಾಗಕ್ಕೆ ಹೊಡೆದೆ. ಪಕ್ಕದಲ್ಲಿ ಇಟ್ಟು ಹೋಲಿಸಿದೆ. ಕೂದಲಷ್ಟೂ ವ್ಯತ್ಯಾಸ ಇಲ್ಲ."

ಗಂಗಹನುಮಕ್ಕ ಕಾಲು ತೊಳೆದುಕೊಂಡರು. ಪಡಸಾಲೆಗೆ ಬಂದರು. "ವರ, ತಲೆ ಒರೆಸ್ಕೊಂಡು ಬಟ್ಟೆ ಜೋಡಿಸ್ಕೊ. ಕಾರಿಗೆ ಫೋನ್ ಮಾಡ್ತೀನಿ."

ವರಲಕ್ಷ್ಮಿ ತಾಯಿಯ ಮುಖ ನೋಡಿದಳು. ತಿರುಮಲಮ್ಮ ತಡೆಯಲಿಲ್ಲ. ತಡೆಯುವುದಕ್ಕೆ ಒಂದು ಮಾತು ಬೇಕಲ್ಲ, ಹದಿನಾರು ದಿನದಲ್ಲಿ ಇದ್ದ ಮಾತೆಲ್ಲ ಖರ್ಚಾಗಿತ್ತು. ಕೂಸಿನ ಟೋಪಿ ಹುಡುಕಿದಳು, ಕಾಲುಚೀಲ ಹುಡುಕಿದಳು, ಎರಡನ್ನೂ ಚೀಲಕ್ಕೆ ಹಾಕಿದಳು. ಬೆಳಗಿನಿಂದ ಒಬ್ಬರೂ ಏನೂ ತಿಂದಿಲ್ಲ ಅಂತ ಆಗ ನೆನಪಾಯಿತು. ಬೀಗಿತ್ತಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು. ಮಗನ ಕೈಗೆ ಡಬ್ಬಿ ಕೊಟ್ಟಳು.

"ಹೋಟೆಲಿಂದ ಎಂಟು ಉದ್ದಿನವಡೆ ತಗೊಂಡು ಬಾ. ಇದೊಂದು ಮಾತು ಕೇಳು ಗವಿರಂಗ, ನಿನ್ನ ಕಾಲು ಹಿಡೀತೀನಿ. ಇನ್ನು ಮೇಲೆ ಏನೇ ತಗೊಂಡ್ರೂ ಎತ್ತಿ ಬೆಳಕಿಗೆ ಹಿಡಿದು ನೋಡು. ತೂತು ಕಂಡ್ರೆ ಮನೆಗೆ ತರಬೇಡ. ಯಾರು ಏನೇ ಹೇಳಲಿ, ತರಬೇಡ. ತಿಳೀತಾ?"

"ತಿಳೀತವ್ವ."

ಅರ್ಧ ಗಂಟೆಯಾಯಿತು. ಚೀಲ ಬಾಗಿಲಿಗೆ ಬಂತು. ಗಂಗಹನುಮಕ್ಕ ಚಪ್ಪಲಿ ಮೆಟ್ಟಿಕೊಂಡು ಜಗುಲಿಯ ಮೇಲೆ ನಿಂತರು. ಅಷ್ಟರಲ್ಲಿ ಗವಿರಂಗ ಬಂದ. ಡಬ್ಬಿ ಖಾಲಿ.

"ವಡೆ ಎಲ್ಲೋ?"

"ಮೋಸ ಅವ್ವ. ಪೂರಾ ಮೋಸ. ಇಪ್ಪತ್ತಾರು ವಡೆ ಬೆಳಕಿಗೆ ಹಿಡಿದು ನೋಡಿದೆ. ಎಲ್ಲಾ ತೂತು. ಒಂದಾದ್ರೂ ಗಟ್ಟಿಯಿರೋದು ಕೊಡಿ ಅಂದ್ರೆ ಹೋಟೆಲಿನವರು ಸೌಟು ತಗೊಂಡು ಬಂದ್ರು. ಅವರು ಏನೇ ಹೇಳಲಿ ಅಂತ ವಾಪಸ್ ಬಂದೆ."

ತಿರುಮಲಮ್ಮ ಕೂರಲು ಜಾಗ ಹುಡುಕಿದಳು. ಅಲ್ಲಿ ಕಲ್ಲಿರಲಿಲ್ಲ. ಕೂಸಿನ ಬಟ್ಟೆಯ ಚೀಲದ ಮೇಲೆಯೇ ಕೂತಳು.

ಗಂಗಹನುಮಕ್ಕ ಗವಿರಂಗನನ್ನು ನೋಡಿದರು. ಖಾಲಿ ಡಬ್ಬಿ ನೋಡಿದರು. ಚೀಲದ ಮೇಲೆ ಕೂತ ಬೀಗಿತ್ತಿಯನ್ನು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷದಿಂದ ಬೀಗಿತ್ತಮ್ಮ?"

"ಮೂವತ್ನಾಲ್ಕು."

"ಒಬ್ಬರೇನಾ?"

"ಅವರಪ್ಪ ಇದ್ದಾಗ ಇಬ್ಬರು."

ಗಂಗಹನುಮಕ್ಕ ಚಪ್ಪಲಿ ಬಿಟ್ಟರು. ಒಳಗೆ ಹೋಗಿ ಗ್ಯಾಸಿನ ಎರಡೂ ಒಲೆ ಹಚ್ಚಿ ದೊಡ್ಡ ತಪ್ಪಲೆ ಎರಡು ಇಟ್ಟರು. "ಸಾಬರ ಅಂಗಡಿ ಎಲ್ಲಿ ಅಂತ ಹೇಳಿ, ನಾನೇ ಹೋಗ್ತೀನಿ. ಹೊಸ ತಾಮ್ರ, ಒಂದು ತೇಪೆ ಹಾಕಿದ್ರೆ ಇಪ್ಪತ್ತು ವರ್ಷ ಬರುತ್ತೆ. ನೀವು ಹೋಗಿ ಒಂದು ಗಂಟೆ ಮಲಕ್ಕೊಳ್ಳಿ. ಹೋಗ್ರೀ. ಐದು ತಿಂಗಳು ಇದೆ ಇನ್ನೂ, ಈಗಲೇ ಹೀಗಾದ್ರೆ ಹೇಗೆ?" ಆಮೇಲೆ ಕಾರಿನವನಿಗೆ ಫೋನ್ ಮಾಡಿ, ಕರೆದವರೇ ಬೇಡ ಅನ್ನುವುದಕ್ಕೆ ಒಂದು ಕಾರಣ ಬೇಕಲ್ಲ, ಇವತ್ತು ಹೆಣ್ಣುಮಗಳನ್ನು ತವರಿಂದ ಹೊರಡಿಸೋ ವಾರ ಅಲ್ಲ, ಬರಬೇಡ ಅಂದರು.

ಅದು ಬರಿಯ ನೆಪವೇನಲ್ಲ, ಬೇಕಾದರೆ ಕ್ಯಾಲೆಂಡರು ತೆಗೆದು ನೋಡಿ. ಎರಡು ಸಾವಿರದ ಹತ್ತೊಂಬತ್ತನೇ ಇಸವಿ, ಫೆಬ್ರವರಿ ಎಂಟು, ಶುಕ್ರವಾರ.